ಬರಿಗಣ್ಣು, ಉಪಕರಣ, ಗಾಗಲ್ಸ್, ಸಿಮ್ಯುಲೇಟರ್: ಹೆಲಿಕಾಪ್ಟರ್ ರಾತ್ರಿ ಹಾರಾಟಕ್ಕೆ ಯಾವ ತರಬೇತಿ ಮೊದಲು?

ಹುತ್ತರಿ ಹುಣ್ಣಿಮೆಯಲ್ಲಿ ಗದ್ದೆಯ ಬದುವಿನ ಮೇಲೆ ಟಾರ್ಚ್ ಇಲ್ಲದೆ ನಡೆದು ಹೋಗಬಹುದು. ಮಳೆಗಾಲದ ಕಕ್ಕಡ ತಿಂಗಳ ಅಮಾವಾಸ್ಯೆಯಲ್ಲಿ ಮನೆ ಮುಂದಿನ ಕಣವೂ ಕಾಣದು. ಪೈಲಟ್‌ನ ಲಾಗ್‌ಬುಕ್ಕಿನಲ್ಲಿ ಮಾತ್ರ ಇವೆರಡೂ ಒಂದೇ ಅಂಕಣಕ್ಕೆ ಬೀಳುತ್ತವೆ: 'ರಾತ್ರಿ'. ಎತ್ತರಕ್ಕೇರಿದ ಹುಣ್ಣಿಮೆ ಚಂದ್ರ ನೆಲಕ್ಕೆ ಕೊಡುವ ಬೆಳಕು 0.1ರಿಂದ 0.3 ಲಕ್ಸ್. ಮೋಡ ಮುಚ್ಚಿದ, ಚಂದ್ರನಿಲ್ಲದ ರಾತ್ರಿ 0.0001 ಲಕ್ಸ್ ಆಸುಪಾಸು. ವ್ಯತ್ಯಾಸ ಸಾವಿರ ಪಟ್ಟು. ಆದ್ದರಿಂದ 'ನಮ್ಮಲ್ಲಿ ರಾತ್ರಿ ಹಾರಾಟ ಕಲಿಸುತ್ತೇವೆ' ಎಂದು ಯಾವುದೇ ಸಂಸ್ಥೆ ಹೇಳಿದಾಗ ಮೊದಲು ಕೇಳಬೇಕಾದ್ದು, ಯಾವ ರಾತ್ರಿ ಎಂದು.

ಕೊಡಗಿನಿಂದ ಸೇನೆಗೆ ಹೋಗುವವರಿಗೆ ಈ ಆಯ್ಕೆಯ ತಲೆಬಿಸಿ ಕಡಿಮೆ. ಸೇನೆಯೇ ಕ್ರಮ ಹಾಕಿ ಕಲಿಸುತ್ತದೆ. ಸ್ವಂತ ಖರ್ಚಿನಲ್ಲಿ ಕಮರ್ಷಿಯಲ್ ಲೈಸೆನ್ಸ್ ಮಾಡಿಕೊಳ್ಳಲು ಹೊರಟವರಿಗೆ, ಅದರಲ್ಲೂ ತೋಟದ ಮೇಲೆ ಸಾಲ ಎತ್ತಿ ಮಕ್ಕಳನ್ನು ವಿದೇಶಕ್ಕೆ ಕಳಿಸುವ ಮನೆಯವರಿಗೆ, ಪ್ರತಿ ಗಂಟೆಯ ಹಾರಾಟವೂ ದುಡ್ಡು. ಎದುರಿಗಿರುವ ಆಯ್ಕೆ ನಾಲ್ಕು: ಬರಿಗಣ್ಣಿನ ರಾತ್ರಿ ಹಾರಾಟ, ಹೊರಗೆ ನೋಡದೆ ಕಾಕ್‌ಪಿಟ್ಟಿನ ಉಪಕರಣ ನೋಡಿಕೊಂಡು ಹಾರಾಟ, ನೈಟ್ ವಿಷನ್ ಗಾಗಲ್ಸ್, ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಉಪಕರಣ ಮೊದಲು, ಬರಿಗಣ್ಣು ಆಮೇಲೆ, ಗಾಗಲ್ಸ್ ಕಡೆಗೆ. ಸಿಮ್ಯುಲೇಟರ್ ಬೇರೆ ದಾರಿಯಲ್ಲ, ಮೊದಲನೆಯದನ್ನು ಅಗ್ಗ ಮಾಡುವ ಸಾಧನ.

ನಿಯಮ ಎಷ್ಟು ಕೇಳುತ್ತದೆ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸಿಗೆ ಒಟ್ಟು 150 ಗಂಟೆ ಬೇಕು. ಆ ಲೈಸೆನ್ಸನ್ನು ರಾತ್ರಿಯೂ ಬಳಸುವುದಾದರೆ ರಾತ್ರಿಯ 5 ಗಂಟೆ, ಅದರಲ್ಲಿ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿ 5 ಟೇಕಾಫ್, 5 ಲ್ಯಾಂಡಿಂಗ್. ಅಮೆರಿಕದಲ್ಲಿ ಒಟ್ಟು 5 ರಾತ್ರಿ ಗಂಟೆಯಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್. ಇನ್‌ಸ್ಟ್ರಕ್ಟರ್ ಜತೆ 2 ಗಂಟೆಯ ಒಂದು ರಾತ್ರಿ ಕ್ರಾಸ್ ಕಂಟ್ರಿ, ಅಂದರೆ ದೂರದ ಊರಿಗೆ ಹಾರಾಟ. ಉಪಕರಣದ ಅಭ್ಯಾಸ 5 ಗಂಟೆ. ಯುರೋಪ್ ಬಿಗಿ. ಲೈಸೆನ್ಸ್ ಸಿಕ್ಕ ಮೇಲೆ ಹೆಲಿಕಾಪ್ಟರಿನಲ್ಲಿ 100 ಗಂಟೆ ಹಾರಿಸಿದವರಿಗಷ್ಟೇ ಅಲ್ಲಿ ನೈಟ್ ರೇಟಿಂಗ್ (ರಾತ್ರಿ ಹಾರಾಟದ ಅರ್ಹತೆ). ಅದರಲ್ಲೂ 5 ರಾತ್ರಿ ಗಂಟೆಯ ಜತೆಗೆ 10 ಗಂಟೆ ಉಪಕರಣ ಪಾಠ ಕಡ್ಡಾಯ. ರಾತ್ರಿಗಿಂತ ಉಪಕರಣಕ್ಕೆ ಎರಡು ಪಟ್ಟು ಸಮಯ ಕೊಟ್ಟಿದ್ದಾರೆ. ಸುಮ್ಮನೆ ಕೊಟ್ಟದ್ದಲ್ಲ.

ಭಾರತದಲ್ಲಿ ಇನ್ನೊಂದು ಮಾತಿದೆ, ಹೊರಗೆ ಕಲಿತು ಬಂದವರು ಇಲ್ಲಿಗೆ ಬಂದ ಮೇಲೆಯೇ ಅದನ್ನು ತಿಳಿಯುವುದು ಹೆಚ್ಚು. ಸೂರ್ಯಾಸ್ತದ 20 ನಿಮಿಷದ ನಂತರದಿಂದ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನವರೆಗೆ, ಕಣ್ಣಳತೆಯ ನಿಯಮದಲ್ಲಿ, ಅಂದರೆ ವಿಎಫ್‌ಆರ್‌ನಲ್ಲಿ ಹಾರುವಂತಿಲ್ಲ. ವಾಯು ಸಂಚಾರ ನಿಯಂತ್ರಣ ಒಪ್ಪಿದ ಸ್ಥಳೀಯ ಹಾರಾಟ, ಫ್ಲೈಯಿಂಗ್ ಕ್ಲಬ್ಬುಗಳ ತರಬೇತಿ ಹಾರಾಟಗಳಿಗಷ್ಟೇ ವಿನಾಯಿತಿ. ಒಂದೂರಿಂದ ಇನ್ನೊಂದೂರಿಗೆ ಕತ್ತಲಲ್ಲಿ ಹೋಗಬೇಕೆಂದರೆ ಉಪಕರಣ ನಿಯಮವೇ. ಆದ್ದರಿಂದ ಅಮೆರಿಕದಲ್ಲಿ ಗಳಿಸಿದ 5 ಬರಿಗಣ್ಣಿನ ಗಂಟೆ ಲೈಸೆನ್ಸ್ ಬದಲಾವಣೆಗೆ ಬೇಕು, ಇಲ್ಲಿನ ಕೆಲಸಕ್ಕೆ ಸಾಲದು.

ಬರಿಗಣ್ಣು: ಅಗ್ಗ, ಅಗತ್ಯ, ಅರ್ಧ

ರೆಟಿನಾದ ನಡುಮಧ್ಯದಲ್ಲಿ ಕೋನ್ ಕೋಶಗಳು ಮಾತ್ರ ಇವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳು ಅದರ ಸುತ್ತ ಇವೆ. ಹೀಗಾಗಿ ಕತ್ತಲಲ್ಲಿ ದಿಟ್ಟಿಸಿ ನೋಡಿದ್ದು ಮಾಯವಾಗುತ್ತದೆ. 5ರಿಂದ 10 ಡಿಗ್ರಿ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು, ಕೆಡಲು ಒಂದು ಮೊಬೈಲ್ ಪರದೆ ಸಾಕು. ಎತ್ತರವೂ ಲೆಕ್ಕಕ್ಕೆ ಬರುತ್ತದೆ: 5,000 ಅಡಿಯಿಂದ ಮೇಲೆ ಆಮ್ಲಜನಕ ಕಡಿಮೆಯಾಗಿ ರಾತ್ರಿ ದೃಷ್ಟಿ ಮಂಕಾಗತೊಡಗುತ್ತದೆ, ಸಿಗರೇಟು ಸೇದುವವರಿಗೆ ಇನ್ನೂ ಕೆಳಗೇ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್, ಅಂದರೆ 5,700 ಅಡಿಗೂ ಮೇಲೆ. ಅದರ ನೆತ್ತಿ ದಾಟುವ ಪೈಲಟ್ ಆ ಮಿತಿಯಾಚೆಗೇ ಇರುತ್ತಾನೆ.

ಒಳ್ಳೆಯ ಶಾಲೆಯ ಮೊದಲ ಪಾಠ ಮುಸ್ಸಂಜೆಗೆ ಶುರುವಾಗುತ್ತದೆ. ಹೆಲಿಕಾಪ್ಟರಿನ ತಪಾಸಣೆ ಬೆಳಕಿರುವಾಗಲೇ ಮುಗಿಯಬೇಕು. ಕತ್ತಲಾಗಿದ್ದರೆ ಬಿಳಿ ಟಾರ್ಚ್ ಬೇಕೇ ಬೇಕು, ಏಕೆಂದರೆ ಕೆಂಪು ಬೆಳಕಿನಲ್ಲಿ ಕೆಂಪು ಹೈಡ್ರಾಲಿಕ್ ಎಣ್ಣೆಯ ಸೋರಿಕೆಯೂ ಕಾಣುವುದಿಲ್ಲ, ನಕ್ಷೆಯ ಕೆಂಪು ಗೆರೆಯೂ ಕಾಣುವುದಿಲ್ಲ. ಎರಡು ಟಾರ್ಚ್ ಇರಲಿ, ಒಂದು ಕುತ್ತಿಗೆಗೆ ನೇತುಹಾಕಿಕೊಂಡಿರಲಿ. ಕೆಳಗೆ ಬಿದ್ದ ಟಾರ್ಚ್ ಪೆಡಲಿನ ಅಡಿಗೆ ಉರುಳುತ್ತದೆ.

ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಿರುವಾಗ) ಹೊಸಬರ ತಪ್ಪು ಒಂದೇ: ಲ್ಯಾಂಡಿಂಗ್ ಲೈಟಿನ ಬೆಳಕು ಬಿದ್ದ ನೆಲದ ತುಂಡನ್ನೇ ನೋಡುತ್ತ ಕೂರುವುದು. ಅಷ್ಟರಲ್ಲಿ ಯಂತ್ರ ಹಿಂದಕ್ಕೆ ಜಾರಿರುತ್ತದೆ, ಗೊತ್ತೇ ಆಗುವುದಿಲ್ಲ. ಹಗಲಿಗಿಂತ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಹತ್ತಿರದ ಒಂದು, ದೂರದ ಒಂದು, ಪಕ್ಕದ ಒಂದು ಗುರುತಿನ ನಡುವೆ ಕಣ್ಣು ಓಡಿಸುತ್ತಿರಬೇಕು. ಟೇಕಾಫ್‌ನಲ್ಲಿ ಮುಂದಕ್ಕೆ ವೇಗ ಹೆಚ್ಚುವಾಗ ಒಳಕಿವಿ 'ಮೂತಿ ಮೇಲಕ್ಕೆದ್ದಿದೆ' ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ಸೈಕ್ಲಿಕ್ (ಯಂತ್ರವನ್ನು ವಾಲಿಸುವ ಹಿಡಿಕೆ) ಮುಂದಕ್ಕೆ ತಳ್ಳಿದರೆ ಹೆಲಿಕಾಪ್ಟರ್ ನೆಲದ ಕಡೆಗೇ ಹೊರಡುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರ್ ಏರುತ್ತಿದೆ, ಏರುವ ದರ ಸೊನ್ನೆಗಿಂತ ಮೇಲಿದೆ, ವೇಗ ಕೂಡುತ್ತಿದೆ ಎಂದು ಮೂರನ್ನೂ ನೋಡಿದ ಮೇಲೆ ಮಾತ್ರ ಮೂತಿ ತಗ್ಗಿಸಬೇಕು.

ಇಳಿಯುವಾಗಿನ ಕುಖ್ಯಾತ ಮೋಸಕ್ಕೆ 'ಬ್ಲ್ಯಾಕ್ ಹೋಲ್' ಎನ್ನುತ್ತಾರೆ. ಹಾರಂಗಿ ಹಿನ್ನೀರಿನ ಕಪ್ಪು ಬಯಲನ್ನು ದಾಟಿ, ಆಚೆಗೆ ಒಂದೇ ಒಂದು ದೀಪದ ಗುಂಪು ಹಿಡಿದು ಇಳಿಯುತ್ತಿದ್ದೀರಿ ಎಂದುಕೊಳ್ಳಿ. ನಡುವೆ ಕಣ್ಣಿಗೆ ಸಿಗುವುದು ಏನೂ ಇಲ್ಲ. ನೀವು ತುಂಬ ಎತ್ತರದಲ್ಲಿದ್ದೀರಿ ಎನ್ನಿಸುತ್ತದೆ, ಕಲೆಕ್ಟಿವ್ (ಯಂತ್ರವನ್ನು ಏರಿಸಿ ಇಳಿಸುವ ಹಿಡಿಕೆ) ಇಳಿಸುತ್ತೀರಿ, ದೀಪ ತಲುಪುವ ಮೊದಲೇ ನೀರು ತಲುಪುತ್ತೀರಿ. ಇದಕ್ಕೆ ಮದ್ದು ಕಣ್ಣಲ್ಲ, ಲೆಕ್ಕ. ಇಷ್ಟು ದೂರಕ್ಕೆ ಇಷ್ಟು ಎತ್ತರ, ಇಷ್ಟು ವೇಗ ಎಂದು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಅಂಟಿಕೊಳ್ಳುವುದು. ಮಡಿಕೇರಿ ಘಾಟಿಯ ಇಳಿಜಾರಿನಲ್ಲಿ ಓರೆಯಾಗಿ ಸಾಗುವ ದೀಪದ ಸಾಲನ್ನು ದಿಗಂತ ಎಂದುಕೊಂಡು ಯಂತ್ರವನ್ನು ವಾಲಿಸುವುದು ಇದರ ತಮ್ಮ.

ವಿದೇಶದ ಶಾಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ರಾಬಿನ್ಸನ್ ಆರ್22, ಆರ್44 ಯಂತ್ರಗಳ ಕೈಪಿಡಿಯಲ್ಲೇ ಷರತ್ತಿದೆ: ನೆಲದ ದೀಪಗಳಿಂದಲೋ ಸಾಕಷ್ಟು ಚಂದ್ರ, ನಕ್ಷತ್ರದ ಬೆಳಕಿನಿಂದಲೋ ನೆಲ ಕಾಣುತ್ತಿದ್ದರೆ ಮಾತ್ರ ರಾತ್ರಿ ಹಾರಾಟ. ತೋಟ, ಕಾಡು, ಮತ್ತೆ ತೋಟ ಇರುವ ನಮ್ಮ ದಕ್ಷಿಣ ಕೊಡಗಿನಂಥ ಕಡೆ ಅಮಾವಾಸ್ಯೆಯಂದು ಆ ಷರತ್ತು ಈಡೇರುವುದೇ ಇಲ್ಲ.

ಉಪಕರಣ: ಮೊದಲ ದುಡ್ಡು ಇಲ್ಲಿ ಹಾಕಿ

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ತರಬೇತಿ ಇಲ್ಲದ 20 ಮಂದಿಯನ್ನು ಸಣ್ಣ ವಿಮಾನದಲ್ಲಿ ಕೃತಕವಾಗಿ ಹೊರನೋಟ ಮುಚ್ಚಿ ಹಾರಿಸಿ ನೋಡಿದರು. 20 ಮಂದಿಯೂ ಹಿಡಿತ ತಪ್ಪಿದರು, ಸರಾಸರಿ 178 ಸೆಕೆಂಡಿನಲ್ಲಿ. ವಿಮಾನ ಕೈಬಿಟ್ಟರೂ ತುಸು ಹೊತ್ತು ನೇರ ಹೋಗುತ್ತದೆ. ಸಣ್ಣ ಹೆಲಿಕಾಪ್ಟರ್ ಹೋಗುವುದಿಲ್ಲ. ಸೆಕೆಂಡಿಗೆ 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಒಳಕಿವಿಗೆ ತಿಳಿಯುವುದೇ ಇಲ್ಲ ಎಂಬುದು ಇಲ್ಲಿನ ಮೂಲ ತೊಡಕು.

ಕಲಿಯಬೇಕಾದ್ದರಲ್ಲಿ ಎಲ್ಲಕ್ಕಿಂತ ಮುಖ್ಯ, ಗೊತ್ತಿಲ್ಲದೆ ಮೋಡದೊಳಗೆ ಹೊಕ್ಕಾಗ ಏನು ಮಾಡಬೇಕೆಂಬುದು. ಕ್ರಮ ಹೀಗೆ: ಮೊದಲು ಕೃತಕ ದಿಗಂತ ತೋರಿಸುವ ಉಪಕರಣ ನೋಡಿ ಯಂತ್ರವನ್ನು ಮಟ್ಟ ಮಾಡಿ. ದಿಕ್ಕು ಹಿಡಿದಿಡಿ, ಗೊತ್ತಿರುವ ಗುಡ್ಡವನ್ನು ತಪ್ಪಿಸಲು ಮಾತ್ರ ತಿರುಗಿ. ಏರುವ ಶಕ್ತಿಗೆ ಟಾರ್ಕ್ (ರೋಟರ್ ತಿರುಗಿಸುವ ಬಲ) ಕೊಡಿ. ಏರುವ ವೇಗಕ್ಕೆ ಬನ್ನಿ. ಈ ನಾಲ್ಕು ಆದ ಮೇಲೆ ರೇಡಿಯೋ. ಹೊಸಬರು ರೇಡಿಯೋವನ್ನು ಮೊದಲು ಒತ್ತುತ್ತಾರೆ, ಅಥವಾ ಬಂದ ದಾರಿಗೇ ಗಕ್ಕನೆ ತಿರುಗುತ್ತಾರೆ. ಬಯಲುಸೀಮೆಯಲ್ಲಿ ಆ ತಿರುವು ಉಳಿಸೀತು. ಭಾಗಮಂಡಲದ ಕಣಿವೆಯಲ್ಲಿ ತಿರುಗಲು ಜಾಗ ಎಷ್ಟಿದೆ ಎಂದು ಯೋಚಿಸಿ. ಪರ್ವತ ಪ್ರದೇಶದ ಉಪಕರಣ ಹಾರಾಟದಲ್ಲಿ 8 ಕಿಲೋಮೀಟರ್ ಒಳಗಿನ ಅತಿ ಎತ್ತರದ ತಡೆಗಿಂತ 2,000 ಅಡಿ ಮೇಲಿರಬೇಕೆಂಬುದು ನಿಯಮ. ತಡಿಯಂಡಮೋಳ್ ಸುತ್ತ ಅದು 7,700 ಅಡಿ ದಾಟುತ್ತದೆ. ಆ ಸಂಖ್ಯೆ ಮೊಣಕಾಲಿನ ಬಳಿ ಕಟ್ಟಿಕೊಂಡ ಹಾಳೆಯ ಮೇಲೆ ಬರೆದಿರಬೇಕು, ಮೋಡದೊಳಗೆ ಕೂಡಿಸುತ್ತ ಕೂರುವಂತಿರಬಾರದು.

ಕೋರ್ಸ್ ಕೊಳ್ಳುವಾಗ ಎಚ್ಚರ: ಆರ್22, ಆರ್44ಗಳಿಗೆ ಉಪಕರಣ ಹಾರಾಟದ ಮಾನ್ಯತೆ ಇಲ್ಲ. ಅವುಗಳಲ್ಲಿ ಕಲಿಸುವುದು ಶುಭ್ರ ಹವೆಯಲ್ಲಿ, ಉಪಕರಣ ಮಾತ್ರ ಕಾಣುವಂತೆ ಕಣ್ಣಿಗೆ ಮುಸುಕು ಹಾಕಿ. ಮುಸುಕಿನ ಅಂಚಿನಿಂದ ನೆಲ ಇಣುಕುತ್ತದೆ, ನೆರಳು ಸರಿಯುವುದು ತಿಳಿಯುತ್ತದೆ, ಮಿದುಳು ಕದ್ದು ನೋಡುತ್ತದೆ. ನಿಜವಾದ ಮೋಡ ಅಷ್ಟು ಔದಾರ್ಯ ತೋರುವುದಿಲ್ಲ. ಆದ್ದರಿಂದ ಮುಸುಕಿನ ಕೆಲವು ಗಂಟೆಗಳನ್ನಾದರೂ ರಾತ್ರಿಯೇ ಮಾಡಿಸಿ ಎಂದು ಕೇಳಿ. ಆಗ ಅಂಚಿನಿಂದ ಇಣುಕಲು ಏನೂ ಇರುವುದಿಲ್ಲ.

ಇದರ ಮಿತಿ ಏನು? ಉಪಕರಣ ಹಾರಾಟ ಮುಗಿಯುವುದು ವಿಮಾನ ನಿಲ್ದಾಣದಲ್ಲಿ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮೈಸೂರು, ಮಂಗಳೂರು, ಕಣ್ಣೂರು ಹತ್ತಿರದವು. ಈ ವಿದ್ಯೆ ನಿಮ್ಮನ್ನು ಕೊಡಗಿನ ಮೋಡದಿಂದ ಹೊರಗೆ ಒಯ್ದು ಬಯಲಲ್ಲಿ ಇಳಿಸುತ್ತದೆ. ಪೊನ್ನಂಪೇಟೆಯ ಮೈದಾನಕ್ಕೆ ಇಳಿಸುವುದಿಲ್ಲ. 2018ರ ಆಗಸ್ಟಿನಂಥ ಭೂಕುಸಿತದ ರಾತ್ರಿ ಜೋಡುಪಾಲದಿಂದ ಗಾಯಾಳುವನ್ನು ಎತ್ತಬೇಕು ಎಂದರೆ ಉಪಕರಣವೊಂದರಿಂದ ಆಗದು. ಮುಂದಿನ ಆಯ್ಕೆ ಹುಟ್ಟಿದ್ದೇ ಅದಕ್ಕೆ.

ಗಾಗಲ್ಸ್: ಶಕ್ತಿಯೂ ಹೌದು, ಬಲೆಯೂ ಹೌದು

ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಗಾಗಲ್ಸ್ ಕತ್ತಲನ್ನು ಹಗಲು ಮಾಡುವುದಿಲ್ಲ. ಇರುವ ಅಲ್ಪ ಬೆಳಕನ್ನು, ಮುಖ್ಯವಾಗಿ ಕೆಂಪಿನಾಚೆಯ ಅಂಚಿನದನ್ನು, ಸಾವಿರಾರು ಪಟ್ಟು ಹೆಚ್ಚಿಸಿ ಹಸಿರು ಅಥವಾ ಬಿಳುಪಿನ ಒಂದೇ ಬಣ್ಣದ ಚಿತ್ರ ಮಾಡಿ ತೋರಿಸುತ್ತವೆ. ಬೆಳಕೇ ಇಲ್ಲದಿದ್ದರೆ ಹೆಚ್ಚಿಸಲು ಏನೂ ಇಲ್ಲ. ಬರಿಗಣ್ಣಿಗೆ ಸುಮಾರು 200 ಡಿಗ್ರಿ ಅಗಲದ ನೋಟವಿದ್ದರೆ ಇವುಗಳಲ್ಲಿ 40 ಡಿಗ್ರಿ. ಎರಡು ಟಾಯ್ಲೆಟ್ ಪೇಪರ್ ಕೊಳವೆ ಕಣ್ಣಿಗಿಟ್ಟುಕೊಂಡು ತೋಟದೊಳಗೆ ನಡೆದು ನೋಡಿ, ಅಂದಾಜಾಗುತ್ತದೆ. ಅಂಚಿನ ನೋಟ ಇಲ್ಲದ್ದರಿಂದ ತಲೆ ಸದಾ ತಿರುಗುತ್ತಿರಬೇಕು. ಹೆಲ್ಮೆಟ್ಟಿನ ಮುಂದೆ ಅರ್ಧ ಕಿಲೋ, ಹಿಂದೆ ಬ್ಯಾಟರಿ, ಅದಕ್ಕೆ ಸಮತೂಕ. ಮೊದಲ ವಾರ ನೋಯುವುದು ಕಣ್ಣಲ್ಲ, ಕುತ್ತಿಗೆ.

ಹಾರುವ ಮೊದಲು ಕೂರಿಸಿಕೊಳ್ಳುವ ಕ್ರಮದಲ್ಲಿ ಅವಸರ ಕೂಡದು. ಹೆಲ್ಮೆಟ್ ಬಿಗಿ ಸರಿಮಾಡಿ, ಕಣ್ಣುಗಳ ನಡುವಿನ ಅಂತರಕ್ಕೆ ಕೊಳವೆಗಳನ್ನು ಹೊಂದಿಸಿ, ಎತ್ತರ, ಓರೆ ಸರಿಮಾಡಿ. ಆಮೇಲೆ ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಮುಂದಿನ ಲೆನ್ಸ್, ಹಿಂದಿನ ಡಯಾಪ್ಟರ್ (ನಿಮ್ಮ ಕಣ್ಣಿಗೆ ಹೊಂದಿಸುವ ಲೆನ್ಸ್), ಮತ್ತೆ ಮುಂದಿನದು. ಇದನ್ನು ಮಾಡಲು ಒಳಗೆ ಗೆರೆಗಳ ಗುರಿಹಲಗೆ ಇರುವ ಪರೀಕ್ಷಾ ಪೆಟ್ಟಿಗೆ ಬರುತ್ತದೆ. ಅದಿಲ್ಲದ ಶಾಲೆ 'ದೂರದ ದೀಪ ನೋಡಿ ಸರಿಮಾಡಿಕೊಳ್ಳಿ' ಎಂದರೆ ಎದ್ದು ಬನ್ನಿ. ಸರಿಯಾಗಿ ಹೊಂದಿಸಿದರೆ ನೋಟ 20/25ರಿಂದ 20/40ರ ಮಟ್ಟಕ್ಕೆ (ಸರಿಯಾದ ಕಣ್ಣಿನದು 20/20) ಬರುತ್ತದೆ, ತಪ್ಪಿದರೆ ಅರ್ಧಕ್ಕರ್ಧ ಹೋಗುತ್ತದೆ, ಮತ್ತು ಮಸುಕಾಗಿದೆ ಎಂದು ನಿಮಗೆ ಗೊತ್ತಾಗುವುದೂ ಇಲ್ಲ. ಚಿತ್ರದ ಒಂದಂಚು ಕಪ್ಪಾಗಿ ಮುಚ್ಚಿಕೊಂಡಿದ್ದರೆ, ಅಥವಾ ಒಂದಂಚು ಹೊಳೆಯುತ್ತಿದ್ದರೆ ಆ ಕೊಳವೆ ಹಾರಾಟಕ್ಕೆ ಯೋಗ್ಯವಲ್ಲ.

ಕಾಕ್‌ಪಿಟ್ಟಿನ ದೀಪಗಳೂ ಗಾಗಲ್ಸಿಗೆ ಒಗ್ಗುವಂಥವಾಗಿರಬೇಕು. ಒಂದೇ ಒಂದು ಹಳೆಯ ಕೆಂಪು ಎಚ್ಚರಿಕೆ ದೀಪ ಹೊತ್ತಿಕೊಂಡರೂ ಗಾಗಲ್ಸ್ ತಾನಾಗಿ ತನ್ನ ವರ್ಧನೆ ತಗ್ಗಿಸಿಕೊಂಡು ಹೊರಗಿನ ಲೋಕ ಕಪ್ಪಾಗುತ್ತದೆ. ಕುಶಾಲನಗರದ ಪೇಟೆ ದೀಪಗಳತ್ತ ಹಾರಿದಾಗ, ಅಥವಾ ದಿಗಂತದಂಚಿನ ಚಂದ್ರನಿಗೆ ಎದುರಾಗಿ ಹಾರಿದಾಗಲೂ ಅದೇ ಕತೆ. ಅಮೆರಿಕದ ಸೇನೆ 'ಹೆಚ್ಚು ಬೆಳಕಿನ ರಾತ್ರಿ' ಎಂದು ಕರೆಯುವುದು ಚಂದ್ರ 23 ಶೇಕಡಾ ಬೆಳಗಿದ್ದು ದಿಗಂತದಿಂದ 30 ಡಿಗ್ರಿ ಮೇಲಿದ್ದರೆ. ನಮ್ಮ ಕಣಿವೆಗಳಲ್ಲಿ ಆ 30 ಡಿಗ್ರಿಯೂ ಸಾಲದು: ಚಂದ್ರ ಗುಡ್ಡದ ಬೆನ್ನಿಗಿದ್ದರೆ ಈಚೆಯ ಇಳಿಜಾರು ಮಸಿ.

ಗಾಗಲ್ಸಿಗೆ ಕಾಣದ್ದು ಎರಡು, ಎರಡೂ ಕೊಡಗಿನಲ್ಲಿ ಧಾರಾಳವಾಗಿವೆ. ಮೊದಲನೆಯದು ತಂತಿ. ತೋಟಗಳ ನಡುವೆ ಹಾಯುವ 11 ಕೆವಿ ಲೈನಿನ ಕಂಬವೇ ಸಿಲ್ವರ್ ಓಕ್ ಮರಗಳ ನಡುವೆ ಅಡಗಿರುತ್ತದೆ, ತಂತಿಯ ಮಾತು ಬಿಡಿ. ತಂತಿ ಹುಡುಕಬೇಡಿ, ಕಂಬ ಹುಡುಕಿ, ದಾಟುವುದಾದರೆ ಕಂಬದ ಮೇಲೆಯೇ ದಾಟಿ. ಹಗಲು ಹೋಗಿ ನೋಡಿ ನಕ್ಷೆಯಲ್ಲಿ ಗುರುತು ಮಾಡದ ಜಾಗಕ್ಕೆ ರಾತ್ರಿ ಇಳಿಯಬಾರದು. ಎರಡನೆಯದು ಎಲ್‌ಇಡಿ ದೀಪ. ಗುಡ್ಡದ ನೆತ್ತಿಯ ಟವರುಗಳ ಕೆಲವು ಹೊಸ ಕೆಂಪು ಎಲ್‌ಇಡಿ ದೀಪಗಳ ಬೆಳಕು, ಕಾಕ್‌ಪಿಟ್ ದೀಪ ತಡೆಯಲೆಂದು ಗಾಗಲ್ಸಿನಲ್ಲಿಟ್ಟ ಫಿಲ್ಟರಿಗೇ ಸಿಕ್ಕಿ ನಿಲ್ಲುತ್ತದೆ. ಬರಿಗಣ್ಣಿಗೆ ಎದ್ದು ಕಾಣುವ ಟವರ್ ಗಾಗಲ್ಸ್ ಹಾಕಿದವರಿಗೆ ಇಲ್ಲವೇ ಇಲ್ಲ. ಹೀಗಾಗಿ ಆಗಾಗ ಗಾಗಲ್ಸಿನ ಕೆಳಗಿನ ಸಂದಿಯಿಂದಲೂ ನೋಡುವ ಅಭ್ಯಾಸ ಬೇಕು. ಬರಿಗಣ್ಣಿನ ತರಬೇತಿ ಮೊದಲು ಮುಗಿದಿರಬೇಕು ಎನ್ನುವುದಕ್ಕೆ ಒಂದು ಕಾರಣ ಇದು.

ಇನ್ನು ಮಂಜು. ತೆಳು ಮಂಜಿನ ಮೂಲಕ ಗಾಗಲ್ಸ್ ಚೆನ್ನಾಗಿಯೇ ನೋಡುತ್ತವೆ. ಅದೇ ಅಪಾಯ: ಮಂಜು ದಟ್ಟವಾಗುತ್ತ ಹೋದರೂ ಅರಿವಾಗದೆ, ಒಂದು ಗಳಿಗೆಯಲ್ಲಿ ಎಲ್ಲ ಹೋಗುತ್ತದೆ. ಮುನ್ಸೂಚನೆ ಮೂರಿವೆ. ದೀಪಗಳ ಸುತ್ತಲಿನ ಬಳೆ ದೊಡ್ಡದಾಗುತ್ತದೆ. ಚಿತ್ರದಲ್ಲಿ ಎಳ್ಳು ಚೆಲ್ಲಿದಂಥ ಮಿನುಗು ಹೆಚ್ಚುತ್ತದೆ. ದೂರದ ಗುಡ್ಡದ ಗೆರೆ ಮೆತ್ತಗಾಗುತ್ತದೆ. ಮೂರರಲ್ಲಿ ಒಂದು ಕಂಡರೂ ಬಂದ ದಾರಿಗೆ ಮರಳುವುದು ಸರಿ. ಸುಗ್ಗಿಯ ತಿಂಗಳುಗಳಲ್ಲಿ ಶುಭ್ರ ಆಕಾಶದ ರಾತ್ರಿ, ಗಾಳಿ ಇಲ್ಲದೆ, ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಅಂತರ 2-3 ಡಿಗ್ರಿಗೆ ಇಳಿದರೆ ಗದ್ದೆಯ ಬಯಲುಗಳು ನಡುರಾತ್ರಿ ಕಳೆಯುತ್ತಲೇ ಹಾಲು ತುಂಬಿದ ಬಟ್ಟಲಾಗುತ್ತವೆ. ಹೋಗುವಾಗ ಕಂಡ ಗದ್ದೆ ಬರುವಾಗ ಇರುವುದಿಲ್ಲ.

ಇಷ್ಟಾದರೂ, ಕತ್ತಲ ಗುಡ್ಡಗಾಡಿನಲ್ಲಿ ತಯಾರಿಲ್ಲದ ಜಾಗಕ್ಕೆ ಇಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬ್ಲ್ಯಾಕ್ ಹೋಲ್ ಬಹುಪಾಲು ಮಾಯ, ಇಳಿಜಾರಿನ ಓರೆ ಕಾಣುತ್ತದೆ, ಗದ್ದೆಯಲ್ಲಿ ಆನೆ ನಿಂತಿದ್ದರೆ ಅದೂ ಕಾಣುತ್ತದೆ (ಇದು ತಮಾಷೆಗೆ ಹೇಳಿದ್ದಲ್ಲ). ಆದರೆ ವಿದ್ಯೆ ಬೇಗ ತುಕ್ಕು ಹಿಡಿಯುತ್ತದೆ. ಬರಿಗಣ್ಣಿನಲ್ಲಿ ಪ್ರಯಾಣಿಕರನ್ನು ಒಯ್ಯಲು ಅಮೆರಿಕದ ನಿಯಮ 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಕೇಳಿದರೆ, ಗಾಗಲ್ಸಿಗೆ ಎರಡು ತಿಂಗಳ ಗಡುವು. ನಿಯಮಿತವಾಗಿ ಹಾರಿಸುವ ಕೆಲಸ ಕೈಯಲ್ಲಿಲ್ಲದೆ ಈ ಕೋರ್ಸಿಗೆ ದುಡ್ಡು ಹಾಕಿದರೆ, ಕೆಲಸ ಸಿಗುವ ಹೊತ್ತಿಗೆ ಮತ್ತೆ ಮೊದಲಿನಿಂದ. ಬೇಟೆಗೆ ಮಾರುವ ಅಗ್ಗದ ಗಾಗಲ್ಸನ್ನು ಅಭ್ಯಾಸಕ್ಕೆ ಕೊಳ್ಳುವ ಯೋಚನೆ ಇದ್ದರೆ ಬಿಡಿ. ಅವು ಹೆಲ್ಮೆಟ್ಟಿಗೂ ಕೂರುವುದಿಲ್ಲ, ಫಿಲ್ಟರೂ ಇರುವುದಿಲ್ಲ.

ಸಿಮ್ಯುಲೇಟರ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ ಕಟ್ಟಿದ ಹ್ಯಾಟ್ಸಾಫ್ ಕೇಂದ್ರವಿದೆ. ಧ್ರುವ್, ಬೆಲ್ 412, ಡಾಫಿನ್ ಹೆಲಿಕಾಪ್ಟರುಗಳ ಕಾಕ್‌ಪಿಟ್ಟುಗಳನ್ನು ಅಳವಡಿಸಬಹುದಾದ ಪೂರ್ಣ ಚಲನೆಯ ಸಿಮ್ಯುಲೇಟರ್ ಅಲ್ಲಿಯದು. ಮೋಡಕ್ಕೆ ಹೊಕ್ಕು ಹೊರಬರುವುದು, ರಾತ್ರಿ ಎಂಜಿನ್ ಕೈಕೊಡುವುದು, ಟೇಲ್ ರೋಟರ್ ಹೋಗುವುದು, ಏರುತ್ತಿರುವಾಗ ಗಾಗಲ್ಸ್ ಆರಿಹೋಗುವುದು: ಇವನ್ನು ನಿಜವಾದ ಯಂತ್ರದಲ್ಲಿ ಹತ್ತು ಸಲ ಮಾಡಿಸುವ ಇನ್‌ಸ್ಟ್ರಕ್ಟರ್ ಇರಲಾರ. ಸೋಲುವುದು ಹೋವರ್‌ನಲ್ಲಿ. ಹುಲ್ಲಿನ ಎಳೆ, ಕಲ್ಲಿನ ನೆರಳಿನಂಥ ಸೂಕ್ಷ್ಮ ಗುರುತುಗಳು ಪರದೆಯಲ್ಲಿ ಸಾಲುವುದಿಲ್ಲ. ಗಾಗಲ್ಸ್ ಅಭ್ಯಾಸಕ್ಕಾದರೆ ಒಂದು ಪ್ರಶ್ನೆ ಕೇಳಿ: ನಿಜವಾದ ಗಾಗಲ್ಸ್ ಹಾಕಿಕೊಂಡು ಪರದೆ ನೋಡುವುದೋ, ಕಂಪ್ಯೂಟರ್ ಬರೆದ ಹಸಿರು ಚಿತ್ರವನ್ನು ಕಣ್ಣೆದುರಿಗೆ ಹಿಡಿಯುವುದೋ? ಎರಡನೆಯದರಲ್ಲಿ ಫೋಕಸ್ ತಪ್ಪುವ ಪಾಠ ಸಿಗುವುದಿಲ್ಲ.

ಯಾರಿಗೆ ಯಾವುದು

ಕೂಡಿಗೆಯ ಸೈನಿಕ ಶಾಲೆಯಿಂದಲೋ ಎನ್‌ಡಿಎ ದಾರಿಯಿಂದಲೋ ಹೋಗುವ ಹುಡುಗ, ಹುಡುಗಿಯರಿಗೆ ಹಕೀಂಪೇಟೆಯಲ್ಲಿ ವಾಯುಪಡೆ, ನಾಸಿಕ್‌ನಲ್ಲಿ ಭೂಸೇನೆ, ಅರಕ್ಕೋಣಂನಲ್ಲಿ ನೌಕಾಪಡೆ ಹೆಲಿಕಾಪ್ಟರ್ ಕಲಿಸುತ್ತವೆ. ಅವರು ಸ್ವಂತ ದುಡ್ಡಿನಲ್ಲಿ ರಾತ್ರಿ ಕೋರ್ಸ್ ಯಾವುದನ್ನೂ ಮುಂಚೆ ಮಾಡಬೇಕಿಲ್ಲ.

ವಿದೇಶಕ್ಕೆ ಹೋಗುವವರು ಶಾಲೆಯ ಊರು ನೋಡಿ. ಫ್ಲಾರಿಡಾದ ಸಮತಟ್ಟು ದೀಪದ ನಗರಗಳ ಮೇಲೆ ಸುತ್ತು ಹಾಕಿದ 5 ಗಂಟೆಗೂ ಅರಿಜೋನಾದ ಮರುಭೂಮಿಯ ಕತ್ತಲಲ್ಲಿ ಗುಡ್ಡ ಬಳಸಿ ಹೋದ 5 ಗಂಟೆಗೂ ಲಾಗ್‌ಬುಕ್ಕಿನಲ್ಲಿ ಒಂದೇ ಬೆಲೆ, ಕಲಿಕೆಯಲ್ಲಿ ಅಲ್ಲ. ರಾತ್ರಿ ಗಂಟೆಗಳಲ್ಲಿ ಪೈಲಟ್ ಇನ್ ಕಮಾಂಡ್ ಎಷ್ಟು, ಇನ್‌ಸ್ಟ್ರಕ್ಟರ್ ಜತೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿ ಸಹಿ ಹಾಕಿಸಿಕೊಂಡೇ ಬನ್ನಿ. ಭಾರತದಲ್ಲಿ ಲೈಸೆನ್ಸ್ ಕೊಡುವ ಡಿಜಿಸಿಎಗೆ ಕಾಗದ ಕೊಡುವಾಗ ಅಲ್ಲಿಯ ಇನ್‌ಸ್ಟ್ರಕ್ಟರನ್ನು ಹುಡುಕುವುದು ಕಷ್ಟ. ಕೈಯಲ್ಲಿ ಇನ್ನೂ 15 ಗಂಟೆಯಷ್ಟು ದುಡ್ಡು ಉಳಿದಿದ್ದರೆ 10 ಗಂಟೆ ಉಪಕರಣಕ್ಕೆ, 5 ಗಂಟೆ ಕತ್ತಲ ಕ್ರಾಸ್ ಕಂಟ್ರಿಗೆ ಹಾಕಿ, ಗಾಗಲ್ಸಿಗೆ ಸೊನ್ನೆ.

ಈಗಾಗಲೇ ಕೆಲಸದಲ್ಲಿದ್ದು, ಕಂಪನಿಯೇ ಆಂಬ್ಯುಲೆನ್ಸ್ ಅಥವಾ ರಕ್ಷಣಾ ಕೆಲಸಕ್ಕೆ ಕಳಿಸುವುದಾದರೆ ಗಾಗಲ್ಸ್ ಕೋರ್ಸಿಗೆ ಹೋಗಿ, ಜತೆಗೆ ಇಳಿಯುವ ಜಾಗದ ಲೆಕ್ಕವನ್ನೂ ಕಲಿಯಿರಿ. ಯುರೋಪಿನ ಹೆಲಿಕಾಪ್ಟರ್ ಆಂಬ್ಯುಲೆನ್ಸ್ ಮಾರ್ಗಸೂಚಿಯಂತೆ ತಯಾರಿಲ್ಲದ ಜಾಗಕ್ಕೆ ರಾತ್ರಿ ಇಳಿಯಲು ಯಂತ್ರದ ಒಟ್ಟು ಉದ್ದದ ನಾಲ್ಕು ಪಟ್ಟು ಉದ್ದ, ಎರಡು ಪಟ್ಟು ಅಗಲ ಬೇಕು. ಧ್ರುವ್‌ನ ಉದ್ದ ಸುಮಾರು 16 ಮೀಟರ್. ಹಾಗಾದರೆ 64 ಮೀಟರ್‌ಗೆ 32 ಮೀಟರ್. ಕೊಯ್ಲಾದ ಗದ್ದೆಯೇ ಆಗಬೇಕು, ಬದು ತಗ್ಗಿರಬೇಕು. ನೆಲದಲ್ಲಿ ನಿಂತು ಸಹಾಯ ಮಾಡುವವರಿಗೆ ಹೇಳಿಡಬೇಕಾದ್ದು ಎರಡೇ: ಜೀಪಿನ ಹೆಡ್‌ಲೈಟನ್ನು ಹೆಲಿಕಾಪ್ಟರ್ ಬರುವ ದಿಕ್ಕಿಗೆ ತಿರುಗಿಸಬೇಡಿ, ಇಳಿಯುವ ನೆಲಕ್ಕೆ ಹಾಯಿಸಿ. ಮೊಬೈಲಿನಲ್ಲಿ ವಿಡಿಯೋ ತೆಗೆಯುವವರ ಫ್ಲ್ಯಾಶ್ ಆರಿಸಿ.